ಅಜ್ಜಿಗೆ ತಿಪ್ಪಮ್ಮ ಅಂತ ಯಾಕೆ ಹೆಸರಿಟ್ಟರು?

ಪ್ರಶ್ನೆ: ಶಾಲೆಯ ಪ್ರಾಜೆಕ್ಟಿಗೆ ಮಗಳು ನಮ್ಮ ವಂಶವೃಕ್ಷ ಬರೆಯುತ್ತಿದ್ದಳು. ನನ್ನ ಅಜ್ಜಿಯ ಹೆಸರು ತಿಪ್ಪಮ್ಮ, ಅವರ ಕೊನೆಯ ತಂಗಿ ಸಾಕಮ್ಮ. ‘ತಿಪ್ಪೆ ಅಂದ್ರೆ ಕಸ ಅಲ್ವಾ ಅಮ್ಮ? ಅಜ್ಜಿನ ಯಾಕೆ ಹಾಗೆ ಬೈತಿದ್ರು?’ ಎಂದು ಕೇಳಿದಳು. ನನಗೆ ಉತ್ತರ ತೋಚಲಿಲ್ಲ. ಹೆತ್ತವರೇ ಮಕ್ಕಳಿಗೆ ಇಂಥ ಹೆಸರು ಇಡುತ್ತಿದ್ದರೇ?
– ಹಿರಿಯೂರಿನ ಓದುಗರು

ಉತ್ತರ: ಹೆತ್ತವರೇ ಇಡುತ್ತಿದ್ದರು, ಅದೂ ಮಗುವಿನ ಮೇಲಿನ ಆಸೆಗೇ. ಹೆಸರಿನ ಅರ್ಥ ಹುಡುಕುವ ಮೊದಲು ಅದನ್ನು ಯಾರ ಕಿವಿಗೆ ಬೀಳಲಿ ಅಂತ ಇಟ್ಟರು ಎಂದು ಕೇಳಬೇಕು. ತಿಪ್ಪಮ್ಮ ಎಂಬ ಹೆಸರು ಮಗುವಿಗಾಗಲಿ ನೆಂಟರಿಗಾಗಲಿ ಹೇಳಿದ್ದಲ್ಲ. ಸಾವಿಗೆ ಹೇಳಿದ್ದು.

ಸಿಡುಬು, ಕಾಲರಾ, ಬಾಣಂತಿ ಮನೆಯ ನಂಜು ಇವೆಲ್ಲ ಇದ್ದ ಕಾಲದಲ್ಲಿ ಸಾಲಾಗಿ ಎರಡು ಮೂರು ಕೂಸು ಕಳೆದುಕೊಂಡ ತಾಯಿ ಮುಂದಿನದನ್ನಾದರೂ ಉಳಿಸಿಕೊಳ್ಳಲು ಒಂದು ಉಪಾಯ ಮಾಡುತ್ತಿದ್ದಳು. ಹುಟ್ಟಿದ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟು ಬರುವುದು. ನೆರೆಮನೆಯವಳು ‘ಯಾರದೋ ಕೂಸು ಬಿದ್ದೈತೆ’ ಎಂದು ಎತ್ತಿಕೊಂಡು ಬರುವುದು. ಅವಳಿಗೆ ಹಿಡಿ ತೌಡನ್ನೋ ಒಂದೆರಡು ಕಾಸನ್ನೋ ಕೊಟ್ಟು ಹೆತ್ತ ತಾಯಿಯೇ ಅದನ್ನು ಕೊಂಡುಕೊಳ್ಳುವುದು. ಈಗ ಅದು ಈ ಮನೆಯಲ್ಲಿ ಹುಟ್ಟಿದ ಮಗುವಲ್ಲ, ತಿಪ್ಪೆಯಲ್ಲಿ ಸಿಕ್ಕಿದ್ದು. ಕಣ್ಣು ಹಾಕುವಂಥದ್ದೇನೂ ಇಲ್ಲಿಲ್ಲ, ಮುಂದೆ ಹೋಗು ಎಂದು ಯಮನಿಗೆ ಹೇಳಿದ ಹಾಗಾಯಿತು. ಹೆಸರು ಆ ಸುಳ್ಳಿಗೆ ಒತ್ತಿದ ಮುದ್ರೆ.

ಈ ಸುಳ್ಳನ್ನು ಹೇಳಿದವರು ನಾವಷ್ಟೇ ಅಲ್ಲ. ತೆಲುಗಿನ ಪೆಂಟಯ್ಯ, ಪೆಂಟಮ್ಮ, ತಮಿಳಿನ ಕುಪ್ಪುಸ್ವಾಮಿ, ಕುಪ್ಪಮ್ಮ ಇವರೆಲ್ಲ ಅದೇ ತಿಪ್ಪೆಯಿಂದ ಎದ್ದು ಬಂದವರು. ಮರಾಠಿಯ ಧೋಂಡು, ದಗಡು ಇಬ್ಬರೂ ಕಲ್ಲು. ಬಂಗಾಳದಲ್ಲಿ ತಿನ್‌ಕೊರಿ ಎಂದರೆ ಮೂರು ಕವಡೆಗೆ ಕೊಂಡ ಮಗು. ಮಂಗೋಲಿಯಾದವರು ಇನ್ನೂ ಚಾಲಾಕಿಗಳು. ನೆರ್ಗುಯ್ ಎಂದರೆ ‘ಹೆಸರಿಲ್ಲ’, ಎನೆಬಿಶ್ ಎಂದರೆ ‘ಇದಲ್ಲ’. ದೆವ್ವ ಬಂದು ಯಾರನ್ನು ಕೇಳಿದರೂ ‘ಇದಲ್ಲ’ ಎಂಬ ಉತ್ತರವೇ ಸಿಕ್ಕರೆ ಏನು ಮಾಡೀತು! ನೈಜೀರಿಯಾದ ಯೊರುಬಾ ಜನರ ದಾರಿ ಬೇರೆ. ಸತ್ತ ಕೂಸೇ ಮತ್ತೆ ಮತ್ತೆ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಹೊರಟುಹೋಗುತ್ತದೆ ಎಂಬ ನಂಬಿಕೆ ಅವರಲ್ಲಿದೆ. ಅದಕ್ಕೇ ಯಮನ ಜೊತೆ ಮಾತಾಡದೆ ಕೂಸಿನ ಕೈ ಹಿಡಿದೇ ಬೇಡುತ್ತಾರೆ: ಮಲೊಮೊ, ‘ಇನ್ನು ಹೋಗಬೇಡ’. ನನಗೆ ಗೊತ್ತಿರುವ ಹೆಸರುಗಳಲ್ಲಿ ಇದರಷ್ಟು ಸಂಕಟದ್ದು ಇನ್ನೊಂದಿಲ್ಲ.

ನೀವು ಹಿರಿಯೂರಿನ ಕಡೆಯವರಾದ್ದರಿಂದ ಇನ್ನೊಂದು ಸಾಧ್ಯತೆಯನ್ನೂ ಹೇಳಬೇಕು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆಗಳಲ್ಲಿ ತಿಪ್ಪೇಸ್ವಾಮಿ, ತಿಪ್ಪಮ್ಮ ಎಂಬುವು ಬರೀ ಭಕ್ತಿಯ ಹೆಸರುಗಳು. ಮನೆಯ ಹಿರಿಯರನ್ನು ಎರಡು ಮಾತು ಕೇಳಿ: ಹಟ್ಟಿಗೆ ನಡೆದುಕೊಳ್ಳುತ್ತಿದ್ದೆವಾ? ಅಜ್ಜಿಗಿಂತ ಮೊದಲು ಹುಟ್ಟಿ ಹೋದವರು ಇದ್ದರಾ? ಎರಡಕ್ಕೂ ಹೌದು ಅಂದರೂ ಆಶ್ಚರ್ಯವಿಲ್ಲ.

ಸಾಕಮ್ಮನ ಕಥೆ ಬೇರೆ. ‘ಸಾಕು’ ಎಂದರೆ ಸಲಹು ಎಂದೂ ಆಗುತ್ತದೆ, ಹಾಗಾಗಿ ಎಲ್ಲ ಸಾಕಮ್ಮಂದಿರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಆದರೆ ಸಾಲು ಹೆಣ್ಣುಮಕ್ಕಳ ಕೊನೆಯವಳಿಗೆ ಆ ಹೆಸರಿದ್ದರೆ ಅದು ದೇವರಿಗೆ ಹಾಕಿದ ಅರ್ಜಿ: ಹೆಣ್ಣು ಕೊಟ್ಟದ್ದು ಸಾಕು. ಟರ್ಕಿಯಲ್ಲಿ ಇದೇ ಅರ್ಥದ ಹೆಣ್ಣು ಹೆಸರು ಯೆತೆರ್. ಹರಿಯಾಣದಲ್ಲಿ ಭತೇರಿ. ಮಹಾರಾಷ್ಟ್ರದ ನಕೋಶಿ, ನಕುಸಾ ಎಂಬುವು ಇನ್ನೂ ಕಟುವಾದವು, ‘ಬೇಡವಾದವಳು’ ಎಂದೇ ಅರ್ಥ. 2011ರ ಅಕ್ಟೋಬರ್‌ನಲ್ಲಿ ಸಾತಾರಾ ಜಿಲ್ಲೆಯಲ್ಲಿ ಇಂಥ ಹೆಸರಿದ್ದ 285 ಹುಡುಗಿಯರಿಗೆ ಸಮಾರಂಭ ಮಾಡಿ ಹೊಸ ಹೆಸರು ಕೊಟ್ಟರು.

ಹಾಗಾಗಿ ಮಗಳಿಗೆ ಅಕ್ಕತಂಗಿಯರ ಕಥೆಯನ್ನು ಬೇರೆ ಬೇರೆಯಾಗಿಯೇ ಹೇಳಿ. ತಿಪ್ಪಮ್ಮ ಎಂದು ಕರೆದವರಿಗೆ ಆ ಮಗು ಬೇಕೇ ಬೇಕಾಗಿತ್ತು. ಸಾಕಮ್ಮನ ವಿಷಯದಲ್ಲಿ ನಾನು ಅಷ್ಟು ಧೈರ್ಯವಾಗಿ ಹೇಳಲಾರೆ.

ಪ್ರಶ್ನೆ: ನನ್ನ ಅಜ್ಜನ ಹೆಸರು ತುಕ್ರ. ದುಬೈನಲ್ಲಿ ನನ್ನ ಜೊತೆ ಕೆಲಸ ಮಾಡುವ ಘಾನಾದವನ ಹೆಸರು ಕೋಫಿ. ಎರಡೂ ಶುಕ್ರವಾರದ ಹೆಸರಂತೆ, ನಿಜವೇ?
– ಬಂಟ್ವಾಳದ ಓದುಗರು

ಉತ್ತರ: ನಿಜ. ತುಳುನಾಡಿನಲ್ಲಿ ಐತಾರ ಹುಟ್ಟಿದವನು ಐತ, ಮಂಗಳವಾರದವನು ಅಂಗಾರ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಘಾನಾದ ಅಕಾನ್ ಜನರಲ್ಲಿ ಶುಕ್ರವಾರದ ಗಂಡು ಕೋಫಿ, ಶನಿವಾರದವನು ಕ್ವಾಮೆ. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಕೋಫಿ ಅಟ್ಟಾ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8ರಂದು. ಹಳೆಯ ಕ್ಯಾಲೆಂಡರ್ ತೆರೆದು ನೋಡಿ, ಶುಕ್ರವಾರವೇ. ಅಟ್ಟಾ ಎಂದರೆ ಅವಳಿ. ಜೊತೆಗೆ ಹುಟ್ಟಿದ ತಂಗಿಯ ಹೆಸರು ಎಫುವಾ, ಅದೂ ಶುಕ್ರವಾರದ್ದೇ.

ಎರಡು ಪದ್ಧತಿಗೂ ನೆಂಟಸ್ತಿಕೆ ಏನಿಲ್ಲ. ವ್ಯತ್ಯಾಸ ಇರುವುದು ಮರ್ಯಾದೆಯಲ್ಲಿ. ಅಕಾನ್ ಜನರಲ್ಲಿ ಕೂಲಿಯವನಿಂದ ಅಧ್ಯಕ್ಷನವರೆಗೆ ಎಲ್ಲರಿಗೂ ವಾರದ ಹೆಸರಿದೆ. ನಮ್ಮಲ್ಲಿ ಅದು ಹೆಚ್ಚಾಗಿ ಬೇರೆಯವರ ಗದ್ದೆಯಲ್ಲಿ ದುಡಿದವರ ಪಾಲಿಗೆ ಉಳಿಯಿತು. ಶಾಲೆ ಮೆಟ್ಟಿಲು ಹತ್ತಿದ ಮೊಮ್ಮಕ್ಕಳು ಅದನ್ನು ಬಿಟ್ಟರು. ತಪ್ಪೆನ್ನಲಾರೆ.

ಪ್ರಶ್ನೆ: ಮಗನಿಗೆ ಇವಾನ್ ಎಂದು ಹೆಸರಿಡಬೇಕೆಂದಿದ್ದೇವೆ. ಮೊಬೈಲ್ ಆ್ಯಪ್‌ನಲ್ಲಿ ‘ಸಂಸ್ಕೃತ, ಸೂರ್ಯ’ ಎಂದಿದೆ. ಸರಿಯೇ?
– ಮೈಸೂರಿನ ಓದುಗರು

ಉತ್ತರ: ಅಲ್ಲ. ಇವಾನ್ ರಷ್ಯದ ಜಾನ್. ಹೀಬ್ರೂ ಭಾಷೆಯ ಯೋಹಾನಾನ್, ಅಂದರೆ ‘ದೇವರು ಕೃಪೆ ತೋರಿದ’, ಗ್ರೀಕಿಗೆ ಹೋಗಿ ಇಯೋಆನ್ನೆಸ್ ಆಯಿತು. ಅಲ್ಲಿಂದ ಊರೂರು ಸುತ್ತಿ ಇಟಲಿಯಲ್ಲಿ ಜಿಯೊವಾನ್ನಿ, ಸ್ಪೇನಿನಲ್ಲಿ ಹುವಾನ್, ಫ್ರಾನ್ಸಿನಲ್ಲಿ ಜಾನ್, ಐರ್ಲೆಂಡಿನಲ್ಲಿ ಶಾನ್ ಎನಿಸಿಕೊಂಡಿತು. ಕನ್ನಡ ಬೈಬಲ್‌ನ ಯೋಹಾನನೂ ಇವನೇ. ಹೆಸರು ಚೆನ್ನಾಗಿದೆ, ಇಡಿ. ಸೂರ್ಯನೇ ಬೇಕೆಂದಿದ್ದರೆ ರವಿ ಇದ್ದಾನೆ, ಭಾಸ್ಕರ ಇದ್ದಾನೆ, ಅಚ್ಚಗನ್ನಡದಲ್ಲಿ ನೇಸರ ಇದ್ದಾನೆ.