ಎಣ್ಣೆ ಹೊಡೆದ ಮೇಲೆ ಜಿಗಿಹುಳು ಜಾಸ್ತಿಯಾಗಿದೆ, ಮತ್ತೆ ಹೊಡೆಯಬೇಕಾ?

ಹಾನಗಲ್ ಹತ್ತಿರದ ಗದ್ದೆಗೆ ಎಲೆ ಸುರುಳಿ ಹುಳಕ್ಕೆ ಅಂತ ಸೈಪರ್‌ಮೆಥ್ರಿನ್ ಎಂಬ ಕೀಟನಾಶಕ (ನಾವು ಎಣ್ಣೆ ಅನ್ನುವುದು) ಹೊಡೆದಿರಿ, ಈಗ ಬುಡದ ತುಂಬಾ ಭತ್ತದ ರಸ ಹೀರುವ ಕಂದು ಜಿಗಿಹುಳು ಕಾಣುತ್ತಿದೆ, ಮತ್ತೆ ಅದನ್ನೇ ಹೊಡೆಯಲಾ ಎಂದು ಕೇಳಿದ್ದೀರಿ. ಬೇಡ. ಅದನ್ನಂತೂ ಬೇಡವೇ ಬೇಡ. ಕಲಘಟಗಿ ಕಡೆ ಭತ್ತ ಬೆಳೆಯುವವನಾಗಿ ಹೇಳುತ್ತಿದ್ದೇನೆ.

ಜಿಗಿಹುಳು ಮೊಟ್ಟೆ ಇಡುವುದು ಬುಡದ ಎಲೆಕವಚದ ಒಳಗೆ. ಅಲ್ಲಿಗೆ ಎಣ್ಣೆ ಮುಟ್ಟುವುದಿಲ್ಲ. ಆದರೆ ನಮಗೆ ಉಪಕಾರಿಯಾದ ಮಿರಿಡ್ ತಿಗಣೆ ಎಂಬ ಚಿಕ್ಕ ಕೀಟದ ಚೂಪು ಬಾಯಿ ಮುಟ್ಟುತ್ತದೆ, ಮೊಟ್ಟೆಯ ರಸ ಹೀರಿಬಿಡುತ್ತದೆ. ಬುಡದಲ್ಲಿ ಓಡಾಡುವ ತೋಳ ಜೇಡ ಬಲೆ ಕಟ್ಟುವುದಿಲ್ಲ, ನೀರಿನ ಮೇಲೆ ಓಡಿಯೇ ಬೇಟೆಯಾಡುತ್ತದೆ. ದೊಡ್ಡದು ದಿನಕ್ಕೆ 5ರಿಂದ 15 ಹುಳ ತಿನ್ನುತ್ತದೆ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯ ಎಣ್ಣೆ ಈ ಎರಡನ್ನೂ ಕೊಲ್ಲುತ್ತದೆ. ಆಮೇಲೆ ಮೊಟ್ಟೆಯೊಡೆದು ಬಂದ ಮರಿಗಳನ್ನು ತಿನ್ನುವವರೇ ಇರುವುದಿಲ್ಲ. ನಿಮ್ಮ ಗದ್ದೆಯಲ್ಲೂ ಹೀಗೇ ಆಗಿರಬೇಕು. ಯೂರಿಯಾ ಜಾಸ್ತಿ ಹಾಕಿದ್ದರೆ ಹುಳಕ್ಕೆ ಇನ್ನೂ ಅನುಕೂಲ.

ಇಂಡೋನೇಷ್ಯಾದಲ್ಲಿ ಇದೇ ಜಿಗಿಹುಳು ರಸ ಹೀರಿ ಭತ್ತವನ್ನು ಸುಟ್ಟಂತೆ ಒಣಗಿಸಿದಾಗ, 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಬಗೆಯ ಕೀಟನಾಶಕ ಹೊಡೆಯುವುದನ್ನೇ ನಿಷೇಧಿಸಿತು.

ಈಗ ಬೆಳಿಗ್ಗೆ ಗದ್ದೆಗೆ ಇಳಿದು ಅಲ್ಲಲ್ಲಿ ಹತ್ತಿಪ್ಪತ್ತು ಬುಡ ಬಗ್ಗಿಸಿ ನೋಡಿ. ಮೇಲಿನ ಎಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಹಳ ಜನ ಮಿರಿಡ್ ತಿಗಣೆಯನ್ನೂ ಹಸಿರು ಜಿಗಿಹುಳು ಅಂದುಕೊಳ್ಳುತ್ತಾರೆ, ಅದು ನನಗೆ ನಿಜಕ್ಕೂ ಬೇಸರದ ವಿಷಯ. ತಿಗಣೆಯದು ಹಸಿರು ಮೈ, ಕಪ್ಪು ತಲೆ, ಉದ್ದ ಮೀಸೆ. ಜೇಡ ಇಲ್ಲದಿದ್ದರೆ ಒಂದು ತೆಂಡೆಗೆ (ಬುಡದಿಂದ ಒಡೆದ ಒಂದು ಕವಲಿಗೆ) ಒಂದು ಜಿಗಿಹುಳು ಬಂದಾಗ ಎಣ್ಣೆಯ ಯೋಚನೆ ಮಾಡಬೇಕು. ಬುಡಕ್ಕೊಂದು ಜೇಡ ಇದ್ದರೆ ತೆಂಡೆಗೆ ಎರಡಾಗುವ ತನಕ ಕಾಯಬಹುದು.

ಮೊದಲು ನೀರು ಬಸಿದು ಮೂರ್ನಾಲ್ಕು ದಿನ ಗದ್ದೆ ಆರಲು ಬಿಡಿ. ಯೂರಿಯಾ ನಿಲ್ಲಿಸಿ. ಲೆಕ್ಕ ಮೀರಿದ್ದರೆ ಬುಪ್ರೊಫೆಜಿನ್ ಕೇಳಿ, ಅದು ಮರಿಗಳು ಪೊರೆ ಕಳಚದಂತೆ ಮಾಡುತ್ತದೆ, ಜೇಡಕ್ಕೆ ಅಷ್ಟು ಹಾನಿಯಿಲ್ಲ. ಪ್ರಮಾಣವನ್ನು ಅಂಗಡಿಯವರ ಬದಲು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಿ. ಹೊಡೆಯುವಾಗ ನಾಝಲ್ ಬುಡಕ್ಕೇ ಹಿಡಿಯಿರಿ. ಬದುವಿನ ಹುಲ್ಲಿಗೆ ಹೊಡೆಯಲೇಬೇಡಿ, ಉಳಿದ ಜೇಡಗಳು ಅಲ್ಲಿಂದಲೇ ಗದ್ದೆಗೆ ಮರಳುತ್ತವೆ.