ಬ್ಯಾಂಡ್ ಬರದಿದ್ದರೆ ಹೆಣ್ಣು ಸೀಲ್ ಅಂತಲೇ ಅರ್ಥವಾ?

ಹಾರ್ಬರ್ ಸೀಲ್ ಎಂಬ ಕಡಲ ಸಸ್ತನಿಯ ಹಿಕ್ಕೆಯ ಡಿಎನ್‌ಎಯಲ್ಲಿ ಎಸ್‌ಆರ್‌ವೈ ಜೀನಿನ ಬ್ಯಾಂಡ್ (ಜೀನ್ ಸಿಕ್ಕಿದೆ ಎಂದು ತೋರಿಸುವ ಗೆರೆ) ಬರದಿದ್ದರೆ ಹೆಣ್ಣು ಅಂತ ಬರೆದುಕೊಳ್ಳಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ.

ಎಸ್‌ಆರ್‌ವೈ ಇರುವುದು ಗಂಡಿನಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮ್‌ನಲ್ಲಿ. ಬಂದರೆ ಗಂಡು. ಬರದಿದ್ದರೆ ಹೆಣ್ಣಿರಬಹುದು, ಇಲ್ಲವೇ ಪಿಸಿಆರ್ (ಡಿಎನ್‌ಎಯ ಬೇಕಾದ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಕೈಕೊಟ್ಟಿರಬಹುದು. ಹಿಕ್ಕೆಯಲ್ಲಿ ಸೀಲ್‌ನದೇ ಡಿಎನ್‌ಎ ಕಡಿಮೆ, ಅದೂ ಚೂರುಚೂರಾಗಿರುತ್ತದೆ. ಬ್ಯಾಕ್ಟೀರಿಯಾದ್ದು, ತಿಂದ ಮೀನಿನದ್ದೇ ಜಾಸ್ತಿ. ಪಿಸಿಆರ್ ಅನ್ನು ತಡೆಯುವ ವಸ್ತುಗಳೂ ಇರುತ್ತವೆ.

ಅದಕ್ಕೇ ಎಕ್ಸ್ ಕ್ರೋಮೋಸೋಮ್‌ನ ಝಡ್‌ಎಫ್‌ಎಕ್ಸ್ ಜೀನನ್ನೂ ಜೊತೆಗೆ ನೋಡಬೇಕು. ಇದು ಗಂಡು ಹೆಣ್ಣು ಎರಡರಲ್ಲೂ ಇರುತ್ತದೆ. ಎಕ್ಸ್ ಬಂತು, ವೈ ಬರಲಿಲ್ಲ, ಮತ್ತೆ ಮತ್ತೆ ಮಾಡಿದರೂ ಅದೇ ಫಲಿತಾಂಶ ಅಂದರೆ ಮಾತ್ರ ಹೆಣ್ಣು. ಗಂಡಿನಲ್ಲಿ ಎರಡಕ್ಕೂ ಒಂದೊಂದೇ ಪ್ರತಿ ಅಲ್ವಾ? ಡಿಎನ್‌ಎ ತೀರಾ ಕಡಿಮೆಯಿದ್ದರೆ ಎಕ್ಸ್ ಸಿಕ್ಕಿ ವೈ ತಪ್ಪಿಹೋಗಬಹುದು. ಒಂದೇ ಸಲಕ್ಕೆ ನಂಬಬೇಡಿ. ಎರಡೂ ಬರದ ಮಾದರಿಯನ್ನು ಲೆಕ್ಕದಿಂದ ಬಿಡಿ.

ಇದು ಸಣ್ಣ ವಿಷಯವಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಯಲ್ಲಿ ಹೀಗೆಯೇ ಹಿಕ್ಕೆಯಿಂದ ಲಿಂಗ ಗುರುತಿಸಿ ನೋಡಿದಾಗ, ಗಂಡು ಸೀಲ್‌ಗಳು ಹೆಣ್ಣಿಗಿಂತ ಹೆಚ್ಚು ಸಾಲ್ಮನ್ ತಿನ್ನುವುದು ಕಂಡಿತು. ವಿಫಲವಾದ ಮಾದರಿಗಳನ್ನೆಲ್ಲ ಹೆಣ್ಣಿನ ಲೆಕ್ಕಕ್ಕೆ ಸೇರಿಸಿದ್ದರೆ ಈ ವ್ಯತ್ಯಾಸ ಮಸುಕಾಗುತ್ತಿತ್ತು.

ಇನ್ನೊಂದು ಮಾತು. ಪ್ರೈಮರ್ (ಪಿಸಿಆರ್‌ನಲ್ಲಿ ಬೇಕಾದ ಜೀನಿಗೆ ಅಂಟಿಕೊಳ್ಳುವ ಚಿಕ್ಕ ಡಿಎನ್‌ಎ ತುಣುಕು) ಮನುಷ್ಯರ ಎಸ್‌ಆರ್‌ವೈಗೂ ಹೊಂದುವಂತಿದ್ದರೆ ಲ್ಯಾಬಿನ ಗಂಡಸರ ಡಿಎನ್‌ಎ ಕೂಡ ಬ್ಯಾಂಡ್ ಕೊಟ್ಟೀತು. ಖಾಲಿ ಕಂಟ್ರೋಲ್ (ಮಾದರಿ ಹಾಕದೆ ನಡೆಸುವ ಪರೀಕ್ಷೆ) ತಪ್ಪದೆ ಇಡಿ. ದಡಕ್ಕೆ ಬಂದು ಸತ್ತ, ಲಿಂಗ ಖಚಿತವಾಗಿ ಗೊತ್ತಿರುವ ಸೀಲ್‌ಗಳ ಅಂಗಾಂಶ ಸಿಕ್ಕರೆ ಮೊದಲು ಅದರ ಮೇಲೆ ಪರೀಕ್ಷಿಸಿ.