ಅನ್ನ ಬಿಟ್ಟರೂ ಇಳಿಯದ ಶುಗರ್

ಮಂಡ್ಯ ಕಡೆಯ, ಐವತ್ತು ದಾಟಿದ ಗೃಹಿಣಿ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಟೈಪ್ 2 ಡಯಾಬಿಟಿಸ್ ಬಂದು ಕೆಲವು ವರ್ಷಗಳಾಗಿವೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಮಾತ್ರೆ ಒಂದು ದಿನವೂ ತಪ್ಪಿಸುವವರಲ್ಲ. ಆದರೂ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 7.8ರಿಂದ 9.2ಕ್ಕೆ ಏರಿತ್ತು. ಊಟದ ಬಗ್ಗೆ ಮಾತಾಡಿ ಅಂತ ಡಾಕ್ಟರು ನನ್ನ ಹತ್ತಿರ ಕಳಿಸಿದರು. ಇಂಥವರು ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಭೇಟಿಯಲ್ಲಿ ಏನು ಕೇಳಿದರೂ "ತಿನ್ನಲ್ಲ ಮೇಡಂ" ಅನ್ನುವುದೊಂದೇ ಉತ್ತರ. ಎರಡನೇ ಸಲ ಮಗಳೂ ಬಂದಿದ್ದಳು. "ಅಮ್ಮ ಏನೋ ಕದ್ದು ತಿಂತಾರೆ, ನೀವೇ ಸ್ವಲ್ಪ ಬೈಯಿರಿ" ಅಂದಳು. ಅಲ್ಲಿವರೆಗೆ ತಲೆ ತಗ್ಗಿಸಿ ಕೂತಿದ್ದ ಆ ತಾಯಿ ಬಾಯಿಬಿಟ್ಟರು.

"ಅನ್ನ ಬುಟ್ಟೆ. ಸಕ್ರೆ ಬುಟ್ಟೆ. ಮಾವಿನಣ್ಣು ಮುಟ್ಟಲ್ಲ. ಮದ್ವೆ ಮನೇಲೂ ಎಲೆ ಮುಂದೆ ಸುಮ್ನೆ ಕೂತಿರ್ತೀನಿ. ಇನ್ನೇನ್ ಬುಡ್ಲಿ, ನೀವೇ ಹೇಳಿ ಮೇಡಂ?"

ಅವರು ಹೇಳಿದ್ದು ಅಷ್ಟೂ ನಿಜ. ಅನ್ನದ ಜಾಗಕ್ಕೆ ರಾಗಿ ಬಂದಿತ್ತು, ಅಷ್ಟೇ. ಬೆಳಿಗ್ಗೆ ರಾಗಿ ರೊಟ್ಟಿ, ಮಧ್ಯಾಹ್ನ ಮುದ್ದೆ, ಸಂಜೆ ಅಂಬಲಿ, ರಾತ್ರಿ ಮತ್ತೆ ಮುದ್ದೆ. ರಾಗಿ ಎಷ್ಟು ತಿಂದರೂ ಶುಗರ್ ಏರಲ್ಲ ಅಂತ ಯಾರೋ ಹೇಳಿದ್ದನ್ನು ನಂಬಿದ್ದರು.

ಒಂದು ಮುದ್ದೆಗೆ ಹಾಕುವಷ್ಟು ಹಿಟ್ಟನ್ನು ಕವರಿನಲ್ಲಿ ಕಟ್ಟಿ ತನ್ನಿ ಅಂದೆ. ತಂದರು. ತೂಗಿದರೆ 120 ಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಮೈಯಲ್ಲಿ ಶುಗರ್ ಆಗುವ ಅಂಶ, ಇರುತ್ತದೆ. ಅಂದರೆ ಒಂದು ಮುದ್ದೆಯಲ್ಲಿ 80 ಗ್ರಾಂ. ಎರಡು ಬಟ್ಟಲು ಅನ್ನಕ್ಕೆ ಸಮ. ರಾಗಿ ಒಳ್ಳೆಯದೇ. ಅಕ್ಕಿಗಿಂತ ನಾರು ಜಾಸ್ತಿ, ಕ್ಯಾಲ್ಸಿಯಂ ಅಂತೂ ತುಂಬಾ ಜಾಸ್ತಿ. ಆದರೆ ನುಣ್ಣಗೆ ಬೀಸಿ ಬೇಯಿಸಿದ ಹಿಟ್ಟು ಬೇಗ ಜೀರ್ಣವಾಗಿ ಶುಗರ್ ಏರಿಸುತ್ತದೆ.

ಜೊತೆಗೆ ಏನು ತಿಂತೀರಿ ಅಂತ ಕೇಳಿದೆ. ಬಸ್ಸಾರು ಮಾಡಿದ ದಿನ ಕಾಳು-ಸೊಪ್ಪಿನ ಪಲ್ಯ ಗಂಡ ಮಕ್ಕಳಿಗೆ, ಇವರಿಗೆ ಬರೀ ಸಾರು. ಕೇಳಿ ನನಗೆ ಸಂಕಟವಾಯಿತು. ಪ್ರೊಟೀನ್, ನಾರು ಇರುವ ಆ ಪಲ್ಯ ಅವರಿಗೇ ಎಲ್ಲರಿಗಿಂತ ಹೆಚ್ಚು ಬೇಕಿತ್ತು, ಅದೇ ಅವರ ತಟ್ಟೆಗೆ ಬರುತ್ತಿರಲಿಲ್ಲ.

ಹಾಗಾಗಿ ಇನ್ನೇನನ್ನೂ ಬಿಡಿ ಅನ್ನಲಿಲ್ಲ. ಮುದ್ದೆ ಅರ್ಧ ಮಾಡಿ. ಪಲ್ಯ ಬಟ್ಟಲು ತುಂಬ ಹಾಕಿಕೊಳ್ಳಿ, ಅದನ್ನೇ ಮೊದಲು ತಿನ್ನಿ. ಹುರುಳಿ, ಅವರೆ, ಹೆಸರು, ಯಾವ ಕಾಳಾದರೂ ಸರಿ. ಮೊಟ್ಟೆ, ಮೀನೂ ಆಗಬಹುದು. (ಅವರ ಕಿಡ್ನಿ ಚೆನ್ನಾಗಿತ್ತು. ಕಿಡ್ನಿ ತೊಂದರೆ ಇರುವವರು ಪ್ರೊಟೀನ್ ಎಷ್ಟು ತಿನ್ನಬೇಕು ಅಂತ ಡಾಕ್ಟರನ್ನು ಕೇಳಲೇಬೇಕು.) ಅಂಬಲಿ ಬದಲು ಮಜ್ಜಿಗೆ. ಅನ್ನ ಬೇಕು ಅನಿಸಿದ ದಿನ ಮುದ್ದೆ ಬದಲು ಒಂದು ಸಣ್ಣ ಬಟ್ಟಲು ಅನ್ನ.

ಅನ್ನಕ್ಕೆ ಒಪ್ಪಿಗೆ ಕೊಟ್ಟರೆ ಕೈ ಮೀರುತ್ತದೆ ಅಂತ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಅಂದರು. ನಾನು ಒಪ್ಪುವುದಿಲ್ಲ. ಬಿಡಬೇಕಾದ್ದರ ಪಟ್ಟಿ ಕೊಟ್ಟರೆ ಜನ ನಿಷ್ಠೆಯಿಂದ ಬಿಡುತ್ತಾರೆ, ಪಟ್ಟಿಯಲ್ಲಿ ಇಲ್ಲದ್ದನ್ನು ಹೊಟ್ಟೆ ತುಂಬ ತಿನ್ನುತ್ತಾರೆ. ಆಮೇಲೆ ಶುಗರ್ ಏರಿದರೆ ಮನೆಯವರೇ ಅನುಮಾನ ಪಡುತ್ತಾರೆ. ನಮ್ಮ ದೇಶದ ಡಯಾಬಿಟಿಸ್ ಬಗ್ಗೆ 2022ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ಕೂಡ ಕಾರ್ಬೋಹೈಡ್ರೇಟನ್ನು ಪೂರ್ತಿ ಬಿಡಿ ಅನ್ನುವುದಿಲ್ಲ. ಹೊಸದಾಗಿ ಡಯಾಬಿಟಿಸ್ ಬಂದವರಿಗೆ ದಿನದ ಕ್ಯಾಲೊರಿಯಲ್ಲಿ ಅದರ ಪಾಲನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿ, ಪ್ರೊಟೀನ್ ಹೆಚ್ಚಿಸಿ ಅನ್ನುತ್ತದೆ.

"ಹಾಗಾದ್ರೆ ಮುದ್ದೆನೂ ಪೂರ್ತಿ ನಿಲ್ಲಿಸಿಬಿಡೋಣ್ವಾ?" ಅಂದಳು ಮಗಳು. ಬೇಡವೇ ಬೇಡ ಅಂದೆ. ಗ್ಲಿಮೆಪಿರೈಡ್ ಮಾತ್ರೆ ಮೈಯಲ್ಲಿ ಇನ್ಸುಲಿನ್ ಹೆಚ್ಚಿಸುತ್ತದೆ. ಊಟ ಕಮ್ಮಿಯಾಯಿತು ಅಂತ ಅದು ಸುಮ್ಮನಿರುವುದಿಲ್ಲ. ಶುಗರ್ 70ಕ್ಕಿಂತ ಕೆಳಗಿಳಿದು ಕೈ ನಡುಗಬಹುದು, ಬೆವರಬಹುದು, ಪ್ರಜ್ಞೆಯೂ ತಪ್ಪಬಹುದು. ಅರ್ಧ ಮುದ್ದೆ ಅಂತ ಹೇಳುವ ಮುಂಚೆಯೇ ನಾನು ಡಾಕ್ಟರ ಹತ್ತಿರ ಮಾತಾಡಿದ್ದೆ. ಈ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ವಿಡಿಯೊ ನೋಡಿ ತಾವಾಗಿಯೇ ಊಟ ಇಳಿಸಬಾರದು. ನಡುಕ ಬಂದು ಶುಗರ್ ಇಳಿದಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು.

ಮನೆಯಲ್ಲೇ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಲು ಕಲಿತರು. ಊಟವಾದ ಎರಡು ಗಂಟೆಗೆ 270 ಇರುತ್ತಿದ್ದದ್ದು 180ರ ಹತ್ತಿರ ಬಂತು. ಮೂರು ತಿಂಗಳಿಗೆ ಎಚ್‌ಬಿಎ1ಸಿ 8.1. ಇನ್ನೂ ಇಳಿಯಬೇಕು. ರಾತ್ರಿ ಮುದ್ದೆ ಕೆಲವು ದಿನ ದೊಡ್ಡದಾಗುತ್ತದೆ ಅಂತ ಅವರೇ ಹೇಳಿದರು. ಬೆಳಗಿನ ರೊಟ್ಟಿಯ ವಿಷಯ ಮುಂದಿನ ಭೇಟಿಗೆ ಇಟ್ಟುಕೊಂಡಿದ್ದೇವೆ.